ಬೆಳ್ಳಟ್ಟಿಯ ತಿರಕಪ್ಪನನ್ನು ಅಶಕ್ತಗೊಳಿಸಿದ ಬಗೆ

ಕನ್ನಡ ನಾಡು ಒಂದಾದ ಮರುವರ್ಷ ಶಿರಹಟ್ಟಿಯಲ್ಲಿ ವೃದ್ಧರ ಬಲವರ್ಧನ ಕಚೇರಿ ಸ್ಥಾಪನೆಯಾಯಿತು. ಮುಪ್ಪಿನಲ್ಲೂ ಜನ ಗಟ್ಟಿಯಾಗಿರಬೇಕೆಂಬುದು ಸರಕಾರದ ಇಚ್ಛೆ. ಶಕ್ತಿಗುಳಿಗೆಯ ಪೆಟ್ಟಿಗೆಗಳು ಬಂದವು. ಸಾಹೇಬ ಅನಂತರಾಯರು ಬಂದರು. ಅಶಕ್ತ ಮುದುಕರು ಮಾತ್ರ ಬರಲಿಲ್ಲ. ಇದ್ದ ಮುದುಕರೆಲ್ಲ ರೊಟ್ಟಿ ತಿಂದು ಹೊಲದಲ್ಲಿದ್ದರು.

ಗುಳಿಗೆ ಖರ್ಚಾಗದಿದ್ದರೆ ಕಚೇರಿ ಮುಚ್ಚುವುದಾಗಿ ಮೇಲಿನಿಂದ ಹುಕುಂ ಬಂತು. ರಾಯರ ನೌಕರಿಯ ಪ್ರಶ್ನೆ. ಕೂಡಲೇ ನಿಯಮ ಹೊರಟಿತು:

"ಬಲ ಹೆಚ್ಚಿಸುವ ಮುನ್ನ ಅದು ಕಡಿಮೆ ಇರತಕ್ಕದ್ದು. ಇಲ್ಲದಿದ್ದಲ್ಲಿ ಕಚೇರಿಯೇ ಕಡಿಮೆ ಮಾಡಿಕೊಡತಕ್ಕದ್ದು."

ಮೊದಲ ಫಲಾನುಭವಿ ಬೆಳ್ಳಟ್ಟಿಯ ತಿರಕಪ್ಪ. ವಯಸ್ಸು ಎಪ್ಪತ್ತರ ಮೇಲೆ. ಅವನ ಜೋಳ ಕೊಯ್ಲಿಗೆ ಬಂದಿತ್ತು. ಕಚೇರಿ ಅವನ ಕುಡಗೋಲು ಜಪ್ತು ಮಾಡಿತು.

ಮರುದಿನ ತಿರಕಪ್ಪ ಶಿರಹಟ್ಟಿಗೆ ನಡೆದೇ ಬಂದ.

"ಕುಡಗೋಲು ಕೊಡ್ರಿ ಸಾಹೇಬ್ರ. ಕಾಳು ಉದರಾಕತ್ತಾವ."

"ಮೊದಲ ಅಶಕ್ತ ಆಗು. ಗುಳಿಗಿ ನುಂಗು. ಗಟ್ಟಿ ಆದಮ್ಯಾಲೆ ಕೊಡತೇನಿ."

"ನಾ ಈಗ ಗಟ್ಟಿ ಅದೀನಲ್ರಿ!"

"ಅದ ನಮ್ಮ ತಕರಾರು."

ದಿನಾ ಬಂದ. ದಿನಾ ನಡೆದ. ಇನ್ನೂ ಗಟ್ಟಿಯಾದ.

ರಾಯರು ಆಲೋಚಿಸಿದರು. ಮನುಷ್ಯನನ್ನು ಅಶಕ್ತಗೊಳಿಸುವ ಸರಕಾರಿ ಸಾಧನ ಕಚೇರಿಯಲ್ಲಿ ಒಂದೇ ಇತ್ತು: ಅವರ ಕುರ್ಚಿ. ಅದರ ಗುಣ ಅವರಿಗೆ ಸ್ವಂತ ಅನುಭವದಿಂದ ಗೊತ್ತು. ನಲವತ್ತಕ್ಕೇ ಮೆಟ್ಟಿಲು ಹತ್ತಿದರೆ ತೇಕುತ್ತಿದ್ದರು. ತಿರಕಪ್ಪನನ್ನು ಅದರಲ್ಲಿ ಕೂಡ್ರಿಸಲಾಯಿತು.

ಅವನ ಹೆಂಡತಿ ದುರಗವ್ವ ಬಂದಳು.

"ಇವ್ರನ್ನ ಕುರ್ಚಿಗೆ ಹಾಕಿದ್ರಿ. ಜೋಳ ಯಾರ ಕೊಯ್ಯಬೇಕು? ನೀವ ಬರ್ರಿ."

ನಿಯಮದಲ್ಲಿ ಅಡ್ಡಿ ಕಾಣಲಿಲ್ಲ. ಕುಡಗೋಲು ಹಿಡಿದು ರಾಯರು ಹೋದರು.

"ಬಗ್ಗರಿ ರಾಯರ," ಎಂದಳು ದುರಗವ್ವ. "ನಿಮ್ಮ ಮಾರಿ ನೋಡಿ ಜೋಳ ತಾನ ಬೀಳೂದಿಲ್ಲ."

ಬಗ್ಗಿದರು. ರೊಟ್ಟಿ, ಪುಂಡಿಪಲ್ಲೆ ತಿಂದರು. ಹೊತ್ತು ಮುಳುಗಿದೊಡನೆ ಮಲಗಿದರು. ಕಾಳು ಮನೆ ಸೇರಿತು.

ತಪಾಸಣೆಗೆ ದೊಡ್ಡ ಸಾಹೇಬರು ಬಂದರು. ಕುರ್ಚಿಯಲ್ಲಿದ್ದ ತಿರಕಪ್ಪನಿಗೆ ಸೊಂಟನೋವು, ಹೊಟ್ಟೆಯುಬ್ಬರ. ಗುಳಿಗೆ ಖರ್ಚಾಗುತ್ತಿದ್ದವು. ಹೊಲದಲ್ಲಿದ್ದ ಸಿಬ್ಬಂದಿಯ ಪ್ರಕೃತಿ ಉತ್ತಮ. ಯೋಜನೆ ಸಫಲವೆಂದು ಷರಾ ಬರೆದರು. ಯಾರನ್ನೂ ಇದ್ದ ಜಾಗದಿಂದ ಕದಲಿಸಕೂಡದೆಂದೂ ಬರೆದರು.

ಸುಗ್ಗಿ ಮುಗಿಸಿ ದುರಗವ್ವ ಗಂಡನನ್ನು ಕರೆಯಲು ಹೋದಳು.

"ಏಳ್ರಿ, ಮನಿಗೆ ಹೋಗೂಣು."

ತಿರಕಪ್ಪ ತಲೆಯೆತ್ತಲಿಲ್ಲ.

"ಸಾಹೇಬರು ಹೊಲಾ ಹರಗಾಕ ಹೋಗ್ಯಾರ. ನಾಳಿ ಬರ್ರಿ."

ದುರಗವ್ವ ಬೆಳ್ಳಟ್ಟಿಗೆ ನಡೆದಳು. ಹೊಲದ ಬದುವಿನ ಮೇಲೆ ರಾಯರು ಬುತ್ತಿಗೆ ಕಾದಿದ್ದರು.

"ಏನಂದ?"

"ನಾಳಿ ಬಾ ಅಂದ್ರು."

"ಸರಿ ಅದ," ಎಂದರು ರಾಯರು. "ಇನ್ನೊಂದು ರೊಟ್ಟಿ ಹಾಕು."