ಎಡ್ಗರ್ ಮುಚ್ಚಿದ ಸಂದಿಗಳು

ಮದುವೆಯಾದಾಗಿನಿಂದ ಎಡ್ಗರ್‌ಗೆ ಒಂದೇ ಆಸೆ: ಅತ್ತೆಯ ಬಾಯಿಂದ ಒಂದಾದರೂ ಹೊಗಳಿಕೆ ಕೇಳಬೇಕು. ಆ ಅತ್ತೆಯೋ, ಹ್ಯಾಲಿಫ್ಯಾಕ್ಸಿನ ಇವನ ಮನೆಗೆ ಬಂದಾಗಲೆಲ್ಲ ಕೋಟನ್ನೇ ಬಿಚ್ಚದೆ, "ಡ್ರಾಫ್ಟು! ಸಂದಿಯ ಗಾಳಿ ಕುತ್ತಿಗೆಗೇ ಹೊಡೀತಿದೆ!" ಎಂದು ಚೀರಿ, ಊಟಕ್ಕೆ ಮುಂಚೆಯೇ ಹೊರಟುಬಿಡುತ್ತಿದ್ದರು.

ಹೆಂಡತಿ ಮೇವಿಸ್‌ಗೆ ರೇಗಿತು. "ಪಬ್ಬಲ್ಲಿ ಪೀಪಾಯಿಯಿಂದ ಇಳಿಯೋ ಡ್ರಾಫ್ಟು ಬಿಯರು ನಿನಗೆ. ಅದನ್ನ ಹೀರ್ತಾ ಬಿಲ್ಲೆ ಹಾರಿಸೋ ಡ್ರಾಫ್ಟ್ಸ್ ಆಟವೂ ನಿನಗೆ. ಬಾಗಿಲ ಸಂದಿಯಿಂದ ನುಗ್ಗೋ ಡ್ರಾಫ್ಟು ಮಾತ್ರ ನಮ್ಮಮ್ಮನಿಗಾ?"

(ಪೀಪಾಯಿ ಬಂಡಿ ಎಳೆಯುವ ಕುದುರೆಗೂ ಅದೇ ಹೆಸರು. ಪಾಪ, ಮೂಕಪ್ರಾಣಿ ಎಂದು ಬಿಟ್ಟಳೇನೋ.)

"ಈ ಭಾನುವಾರ ನಿಮ್ಮಮ್ಮ ಕೋಟು ಬಿಚ್ಚದಿದ್ರೆ ನಾನು ಎಡ್ಗರೇ ಅಲ್ಲ!" ಎಂದು ಗುಡುಗಿ ಅವನು ಸಮರಾಂಗಣಕ್ಕಿಳಿದ. ಕಿಟಕಿಗಳಿಗೆ ಮೈದಾ ಅಂಟಿನಲ್ಲಿ ಹಳೆ ಪೇಪರು. ನೆಲದ ಹಲಗೆಗಳ ನಡುವೆ ಚಿಂದಿ. ಬೀಗದ ಕಿಂಡಿಗೆ ಮೇಣ. ಬಾಗಿಲ ಬುಡದಲ್ಲಿ ಮರದ ಹೊಟ್ಟು ತುಂಬಿದ ಉದ್ದನೆಯ ಕಾಲ್ಚೀಲವೊಂದು ಹೆಬ್ಬಾವಿನಂತೆ ಮಲಗಿತು.

"ಅಯ್ಯೋ ಪಾಪಿ, ಅದು ನಾನು ಚರ್ಚಿಗೆ ಹಾಕ್ಕೊಂಡು ಹೋಗೋದು!"

"ಮಹಾಕಾರ್ಯಕ್ಕೆ ತ್ಯಾಗ ಬೇಕು ಕಣೇ."

ಭಾನುವಾರ ಅತ್ತೆ ಬಂದು ಅಗ್ಗಿಷ್ಟಿಕೆಯ ಮುಂದೆ ಕೂತರು. ಕುತ್ತಿಗೆಯನ್ನು ಎಡಕ್ಕೆ ಕೊಟ್ಟು ನೋಡಿದರು, ಬಲಕ್ಕೆ ಕೊಟ್ಟು ನೋಡಿದರು. ಗಾಳಿಯ ಸುಳಿವೇ ಇಲ್ಲ! ಕೋಟಿನ ಒಂದು ಗುಂಡಿ ಬಿಚ್ಚಿದರು. ಎಡ್ಗರ್ ಉಸಿರು ಬಿಗಿಹಿಡಿದ. ಇನ್ನೊಂದು! ಮೇವಿಸ್ ಗಂಡನ ತೋಳು ಗಿಲ್ಲಿದಳು. ಮೂರನೆಯದಕ್ಕೆ ಕೈ ಹೋಗಿದ್ದೇ ತಡ, ಅಗ್ಗಿಷ್ಟಿಕೆ ಕೆಮ್ಮಿತು.

ಬೆಂಕಿಯೂ ಉಸಿರಾಡುತ್ತದೆಂಬುದು ಎಡ್ಗರ್‌ಗೆ ಹೊಳೆದೇ ಇರಲಿಲ್ಲ. ಒಳಗೆ ಬರುವ ಗಾಳಿಯೇ ಇಲ್ಲದ ಮೇಲೆ ಹೊಗೆಯನ್ನು ಚಿಮಣಿಗೆ ಹತ್ತಿಸುವವರು ಯಾರು? ಅದು ನೆಟ್ಟಗೆ ಅತ್ತೆಯ ಮಡಿಲಿಗೇ ಬಂತು.

"ಕೊಲೆ! ನನ್ನ ಮಗಳ ಮನೇಲೇ ನನ್ನ ಕೊಲೆ!"

ಮೇವಿಸ್ ಹೆಬ್ಬಾವನ್ನು ಒದ್ದು ಬಾಗಿಲು ತೆರೆದಳು. ಗುಡ್ಡದ ಗಾಳಿ ನುಗ್ಗಿತು, ಬೆಂಕಿ ಭಗ್ಗನೆದ್ದಿತು, ಹೊಗೆ ವಿಧೇಯವಾಗಿ ಮೇಲೆ ಹೋಯಿತು. ಆದರೆ ಗಾಳಿಯ ಹೊಡೆತಕ್ಕೆ ಬಾಗಿಲು ಮತ್ತೆ ಧಡಾರನೆ ಮುಚ್ಚಿಕೊಂಡಿತು.

"ಹಿಡ್ಕೊಂಡು ನಿಂತ್ಕೋ ಎಡ್ಗರ್!" ಅತ್ತೆ ಗದರಿದರು. "ಇನ್ನೂ ಅಗಲ... ಹಾಂ, ಹಾಗೇ."

"ಅತ್ತೆ, ಡ್ರಾಫ್ಟು..."

"ಯಾವನಪ್ಪ ಹೇಳಿದ್ದು? ಇದು ತಾಜಾ ಗಾಳಿ!"

ಒಳಗೆ ಅತ್ತೆ, ಮಗಳು ಬೆಂಕಿಯೆದುರು ಊಟಕ್ಕೆ ಕೂತರು. ಹೊಸ್ತಿಲಲ್ಲಿ ತೆರೆದ ಬಾಗಿಲಿಗೆ ಬೆನ್ನು ಆನಿಸಿ ನಿಂತ ಎಡ್ಗರ್‌ನ ತಟ್ಟೆಯಲ್ಲಿ ಮಾಂಸದ ರಸ ಹೆಪ್ಪುಗಟ್ಟಿತು. ಬೀದಿಯಲ್ಲಿ ಪಬ್ಬಿನ ಗೆಳೆಯ ಕ್ಲೆಮ್ ಹಾದುಹೋದ.

"ಏನೋ, ಬಿಯರಿಗೆ ಬರಲ್ವಾ?"

"ಎಲ್ಲಿ ಬರ್ಲಿ ಮಾರಾಯ, ಬಾಗಿಲಾಗಿದೀನಿ."

ಆಗ ಒಳಗಿನಿಂದ ತೇಲಿಬಂತು, ಅವನು ಇಷ್ಟು ವರ್ಷ ಕಾದಿದ್ದ ಆ ಮಾತು.

"ಏನೇ ಅನ್ನು ಮೇವಿಸ್, ನಿನ್ನ ಗಂಡನ್ನ ನಾನು ಸುಮ್ಮನೆ ಬೈತಿದ್ದೆ. ಬಾಗಿಲಿಗೆ ಇಷ್ಟು ಚೆನ್ನಾಗಿ ಅಡ್ಡ ಕೂರೋ ವಸ್ತು ನಮ್ಮ ಮನೇಲೂ ಇಲ್ಲ. ಇನ್ಮೇಲೆ ಪ್ರತಿ ಭಾನುವಾರ ಇಲ್ಲೇ ಊಟ!"