ಗ್ರೀನ್‌ಲ್ಯಾಂಡ್ ಕತ್ತರಿಸಿದ ದರ್ಜಿ

ಟೀಚರ್: ಗ್ರೀನ್‌ಲ್ಯಾಂಡ್ ಎಲ್ಲಿ?

ದರ್ಜಿ: ಯಾರು?

ಟೀಚರ್: ಗ್ರೀನ್‌ಲ್ಯಾಂಡ್. ನಿನ್ನೆ ನಿಮ್ಮ ಕೈಗೆ ಕೊಟ್ಟಾಗ ಇತ್ತು. ಮೇಲ್ಗಡೆ, ಸ್ವಲ್ಪ ಎಡಕ್ಕೆ, ಇಷ್ಟಗಲ ಇತ್ತು. ಈಗ ಇಲ್ಲ.

ದರ್ಜಿ: ಇಲ್ಲಿಗೆ ಬಂದ ಬಟ್ಟೆ ಎಲ್ಲೂ ಹೋಗಲ್ಲ ಮೇಡಂ. ಇಪ್ಪತ್ತಾರು ವರ್ಷದಿಂದ ಅಂಗಡಿ ಇಟ್ಟಿದೀನಿ. ಒಂದು ಗುಂಡಿ ಕಳೆದಿಲ್ಲ.

ಟೀಚರ್: ಗುಂಡಿ ಕಳೆದಿದ್ರೆ ನಾನೇ ಹಾಕ್ಕೊಳ್ತಿದ್ದೆ. ಕಳೆದಿರೋದು ದ್ವೀಪ. ಪ್ರಪಂಚದಲ್ಲೇ ದೊಡ್ಡ ದ್ವೀಪ.

ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಗೋಡೆಗೊಂದು ಉದ್ದನೆಯ ಕನ್ನಡಿ. ಅಂಗಡಿಯಲ್ಲಿ ಇದ್ದದ್ದು ಇಷ್ಟೇ. ಮೇಜಿನ ಮೇಲೆ, ಉರುಳದಂತೆ ಹಳೆಯ ಟೈರಿನೊಳಗೆ ಕೂರಿಸಿದ್ದ, ನಾಲ್ಕಡಿ ಸುತ್ತಳತೆಯ ರಬ್ಬರ್ ಚೆಂಡಿತ್ತು. ಶಾಲೆಗೆ ಗೋಳ ಬರುತ್ತದೆ, ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಹನ್ನೊಂದು ವರ್ಷ ಕಾದ ಭೂಗೋಳದ ಟೀಚರ್, ಈ ಸಲ ತಾವೇ ಒಂದು ಮಾಡಿಸುವುದೆಂದು ತೀರ್ಮಾನಿಸಿದ್ದರು. ಬಟ್ಟೆಯ ಮೇಲೆ ಅಚ್ಚಾದ ಪ್ರಪಂಚದ ನಕ್ಷೆಯನ್ನೂ ಚೆಂಡನ್ನೂ ತಂದುಕೊಟ್ಟು, "ಇದನ್ನ ಅದಕ್ಕೆ ತೊಡಿಸಿಕೊಡಿ" ಎಂದಿದ್ದರು. ನಾಳೆ ಬೆಳಿಗ್ಗೆಯೇ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ.

ದರ್ಜಿ: ನೋಡಿ, ಕೂತಿರೋದು ಹೇಗೆ ಕೂತಿದೆ ಅನ್ನೋದನ್ನಾದ್ರೂ ನೋಡಿ. ಒಂದು ಸುಕ್ಕು ತೋರಿಸಿ.

ಟೀಚರ್: ಸುಕ್ಕಿಲ್ಲ, ಒಪ್ಪಿದೆ. ಅರ್ಧ ಕೆನಡಾನೂ ಇಲ್ಲ. ರಷ್ಯಾ ನೋಡಿದ್ರೆ ಹಲ್ಲು ಬಿದ್ದ ಬಾಚಣಿಗೆ ಇದ್ದಂಗಿದೆ.

ದರ್ಜಿ: ನಾನೇನು ಮಾಡ್ಲಿ? ನೀವು ತಂದ ಬಟ್ಟೆ ಈ ಮೈಗೆ ಅಲ್ಲವೇ ಅಲ್ಲ. ಸೊಂಟಕ್ಕೆ ಹೇಳಿ ಮಾಡಿಸಿದ ಹಾಗೆ ಕೂತುಬಿಡ್ತು. ಮೇಲೆ ಹೋಗ್ತಾ ಹೋಗ್ತಾ ದೊಗಲೆ. ಕುತ್ತಿಗೆ ಹತ್ರ ಇನ್ನೊಬ್ಬರು ಒಳಗೆ ನುಗ್ಗಬಹುದು, ಅಷ್ಟು ದೊಗಲೆ.

ಟೀಚರ್: ಭೂಮಿಗೆ ಎಲ್ಲಿದೆ ಕುತ್ತಿಗೆ?

ದರ್ಜಿ: ಸೊಂಟ ಇದೆ ತಾನೆ?

ಟೀಚರ್: ಅದು ಭೂಮಧ್ಯರೇಖೆ.

ದರ್ಜಿ: ಹೆಸರು ಏನಾದ್ರೂ ಇಟ್ಕೊಳ್ಳಿ, ಟೇಪು ಸುತ್ತೋ ಜಾಗ ಅದೇ. ದಪ್ಪ ಇರೋದೂ ಅಲ್ಲೇ.

ಟೀಚರ್: ಅದೇನೋ ನಿಜ. ಭೂಮಿ ಪೂರ್ತಿ ಗುಂಡಗಿಲ್ಲ. ಮಧ್ಯದಲ್ಲಿ ಸ್ವಲ್ಪ ಉಬ್ಬಿಕೊಂಡಿದೆ.

ದರ್ಜಿ: ವಯಸ್ಸೆಷ್ಟು?

ಟೀಚರ್: ನಾನೂರ ಐವತ್ತು ಕೋಟಿ ವರ್ಷ.

ದರ್ಜಿ: ಹಾಗಾದ್ರೆ ಉಬ್ಬಿದ್ದು ಕಮ್ಮೀನೇ ಆಯ್ತು. ನಮಗೆ ನಲವತ್ತಕ್ಕೇ ಬಂತು.

ಟೀಚರಿಗೆ ನಗು ಬಂತು. ನಾಳೆಯ ಪ್ರದರ್ಶನ ನೆನಪಾಗಿ ನಿಂತಿತು.

ಟೀಚರ್: ಕೆಳಗಡೆ ಬಿಳೀದು ಒಂದಿತ್ತಲ್ಲ, ಉದ್ದಕ್ಕೂ?

ದರ್ಜಿ: ಬಾರ್ಡರಾ?

ಟೀಚರ್: ಬಾರ್ಡರಲ್ಲ. ಅಂಟಾರ್ಟಿಕಾ. ಅದೊಂದು ಖಂಡ.

ದರ್ಜಿ: ಒಳಗಡೆ ಇದೆ. ಮಡಚಿ ಹೆಮ್ಮಿಂಗ್ ಮಾಡಿದೀನಿ. ಎಳೆ ಬಿಡಲ್ಲ, ಭದ್ರವಾಗಿದೆ.

ಟೀಚರ್ ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಒಳಗಿನ ಯಂತ್ರದಲ್ಲಿ ಶಾಲೆಯ ಸಮವಸ್ತ್ರಕ್ಕೆ ಕಾಲರ್ ಹಚ್ಚುತ್ತಿದ್ದ ದರ್ಜಿಯ ಹೆಂಡತಿ ತುಳಿಯುವುದನ್ನು ನಿಲ್ಲಿಸಿ ಎದ್ದು ಬಂದರು.

ಹೆಂಡತಿ: ನಾನು ನಿನ್ನೆ ಬಡ್ಕೊಂಡೆ ಟೀಚರ್. ಕತ್ತರಿ ಹಾಕ್ಬೇಡಿ, ಒಂದ್ಸಲ ಕೇಳಿ ಅಂತ. ಇವರಿಗೆ ಕತ್ತರಿ ಕೈಗೆ ಬಂದ್ರೆ ಕಿವಿ ಮುಚ್ಚಿಹೋಗುತ್ತೆ.

ದರ್ಜಿ: ಚೆಂಡಿಗೆ ಚಪ್ಪಟೆ ಬಟ್ಟೆ ಕತ್ತರಿ ಇಲ್ಲದೆ ಕೂರಿಸು ನೋಡೋಣ. ನಾನು ಸುಮ್ನೆ ಕತ್ತರಿಸಲಿಲ್ಲ. ಹನ್ನೆರಡು ಕಡೆ ಮುಕ್ಕೋನ ತೆಗೆದೆ. ಎಷ್ಟು ಹೆಚ್ಚಿತ್ತೋ ಅಷ್ಟೇ. ಒಂದು ಎಳೆ ಜಾಸ್ತಿ ತೆಗೆದಿಲ್ಲ.

ಟೀಚರ್: ಹೆಚ್ಚಿತ್ತು ಅಂತ ನಿಮಗೆ ಯಾರು ಹೇಳಿದ್ರು? ಅದು ಭೂಪಟ. ಅದರಲ್ಲಿ ಹೆಚ್ಚು ಇರಲ್ಲ, ಕಮ್ಮಿ ಇರಲ್ಲ. ಇರೋ ನೆಲಾನೇ ಇರೋದು.

ದರ್ಜಿ: ನೆಲ ಇದ್ದಷ್ಟೇ ಇದ್ದಿದ್ರೆ ಚೆಂಡಿನ ಮೇಲೆ ಸರಿಯಾಗಿ ಕೂರ್ಬೇಕಿತ್ತಲ್ಲ? ಇದನ್ನ ಮೊದಲು ಹೊಲಿದವರ ಕೇಳಿ. ಚಪ್ಪಟೆ ಮಾಡೋದಕ್ಕೆ ಮೇಲ್ಗಡೆ ಎಳೆದು ಎಳೆದು ಅಗಲ ಮಾಡಿದಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗೆ, ನಕ್ಷೆ ಮಾಡಿದವನ ತಪ್ಪಿಗೆ ನನ್ನ ಬೈತಿದೀರಿ.

ಟೀಚರ್ ಕೈಚೀಲದಿಂದ ಪಾಠಪುಸ್ತಕ ತೆಗೆದು ಒಂದು ಪುಟ ತಿರುವಿದರು, ಇನ್ನೊಂದು ತಿರುವಿದರು, ಮತ್ತೆ ಮೊದಲಿನದಕ್ಕೆ ಬಂದರು.

ಹೆಂಡತಿ: ಏನಾಯ್ತು ಟೀಚರ್? ನೀರು ಕೊಡ್ಲಾ?

ಟೀಚರ್: ಬೇಡ ಅಕ್ಕ. ಈ ಪುಟದಲ್ಲಿ ನಕ್ಷೆ. ಗ್ರೀನ್‌ಲ್ಯಾಂಡೂ ಆಫ್ರಿಕಾನೂ ಹೆಚ್ಚುಕಮ್ಮಿ ಒಂದೇ. ಆ ಪುಟದಲ್ಲಿ ವಿಸ್ತೀರ್ಣದ ಪಟ್ಟಿ. ಆಫ್ರಿಕಾ ಹದಿನಾಲ್ಕು ಪಟ್ಟು ದೊಡ್ಡದು ಅಂತಿದೆ. ಎರಡನ್ನೂ ನಾನೇ ಪಾಠ ಮಾಡಿದೀನಿ. ಪಟ್ಟಿ ಬಾಯಿಪಾಠಾನೂ ಮಾಡಿಸಿದೀನಿ.

ದರ್ಜಿ: ನೋಡಿದ್ರಾ? ಒಂದು ಎಳೆ ಜಾಸ್ತಿ ತೆಗೆದಿಲ್ಲ ಅಂದೆ.

ಹೆಂಡತಿ: ರೀ, ಸ್ವಲ್ಪ ಸುಮ್ನಿರಿ. ಅವರ ಮುಖ ನೋಡಿ.

ಟೀಚರ್: ಏಳನೇ ತರಗತೀಲಿ ಒಬ್ಬಳಿದಾಳೆ. ಎರಡನೇ ಬೆಂಚು. ಪಾಠದ ನಡುವೆ ಎದ್ದು ನಿಂತು ಇದನ್ನೇ ಕೇಳಿದ್ಲು. ನಕ್ಷೆ ಒಂದು ಹೇಳುತ್ತೆ, ಪಟ್ಟಿ ಇನ್ನೊಂದು ಹೇಳುತ್ತೆ, ಯಾವುದು ಸುಳ್ಳು ಟೀಚರ್ ಅಂತ.

ಹೆಂಡತಿ: ನೀವೇನಂದ್ರಿ?

ಟೀಚರ್: ಎರಡೂ ಸರಿ, ಪರೀಕ್ಷೇಲಿ ಎರಡನ್ನೂ ಬರಿ, ಕೂತ್ಕೋ ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೆಂಡತಿ: ಆಮೇಲೆ?

ಟೀಚರ್: ಆಮೇಲೆ ಅವಳು ಕೈ ಎತ್ತೇ ಇಲ್ಲ. ಮೂರು ತಿಂಗಳಾಯ್ತು. ಮಕ್ಕಳು ಪ್ರಶ್ನೆ ಕೇಳಲ್ಲ ಅಂತ ಸ್ಟಾಫ್ ರೂಮಲ್ಲಿ ಕೂತು ನಾನೇ ದೂರ್ತಿದ್ದೆ.

ದರ್ಜಿ ಕತ್ತರಿಯನ್ನು ಮೆಲ್ಲಗೆ ಮೇಜಿನ ಆ ಕಡೆಗೆ ಸರಿಸಿದರು.

ದರ್ಜಿ: ಅಲ್ಲ ಮೇಡಂ, ಗೊತ್ತಿದ್ದೂ ಗೊತ್ತಿದ್ದೂ ಹಾಗೆ ಎಳೆದು ಯಾಕೆ ಮಾಡಿದ್ರು?

ಟೀಚರ್: ಟೀಚರ್ ತರಬೇತೀಲಿ ಓದಿದ್ದೆ. ಓದಿದೆ, ಬರೆದೆ, ಮರೆತೆ. ನಾನೂರೈವತ್ತು ವರ್ಷದ ಹಿಂದೆ ಹಡಗಿನವರಿಗೋಸ್ಕರ ಮಾಡಿದ ನಕ್ಷೆ ಇದು. ಇದರ ಮೇಲೆ ಇಲ್ಲಿಂದ ಅಲ್ಲಿಗೆ ಒಂದು ನೇರ ಗೆರೆ ಎಳೆದು, ದಿಕ್ಸೂಚಿ ಹಿಡಿದು, ಅದೇ ದಿಕ್ಕಲ್ಲಿ ಹೋಗ್ತಾ ಇದ್ರೆ ದಾರಿ ತಪ್ಪಲ್ಲ. ದಿಕ್ಕು ಸರಿ ಇರ್ಲಿ ಅಂತ ಗಾತ್ರ ಬಿಟ್ಟುಕೊಟ್ರು.

ದರ್ಜಿ: ಅಂದ್ರೆ ಹಡಗಿನವರ ಅಂಗಿ ತಂದು ಶಾಲೆ ಮಕ್ಕಳಿಗೆ ತೊಡಿಸಿದೀರಿ.

ಟೀಚರ್: ಇದನ್ನ ನಿಮ್ಮಷ್ಟು ಚೆನ್ನಾಗಿ ನಮಗೆ ಯಾರೂ ಹೇಳಿಕೊಡಲಿಲ್ಲ.

ದರ್ಜಿ: ನನಗೂ ಯಾರೂ ಹೇಳಿಕೊಡಲಿಲ್ಲ. ದಪ್ಪ ಗಿರಾಕಿಗಳು ಕಲಿಸಿದ್ದು.

ಹೆಂಡತಿ: ಮಾತು ಸಾಕು. ನಾಳೆ ಬೆಳಿಗ್ಗೆಗೆ ಭೂಮಿ ಬೇಕು ತಾನೆ? ಕತ್ತರಿಸಿದ ಚೂರು ಒಂದೂ ಬಿಸಾಡಿಲ್ಲ, ಚೀಲದಲ್ಲಿದೆ. ಕೂಡಿಸಿ ಹೊಲಿದು, ಕತ್ತರಿ ಬದಲು ನೆರಿಗೆ ಹಿಡಿಯೋಣ. ಚೀಲದ ಬಾಯಿಗೆ ದಾರ ಎಳೆದ ಹಾಗೆ. ಬಟ್ಟೆ ಪೂರ್ತಿ ಇರುತ್ತೆ, ಜಾಗ ಮಾತ್ರ ಕಮ್ಮಿ ತಿನ್ನುತ್ತೆ.

ದರ್ಜಿ: ನೆರಿಗೆ? ಸುಕ್ಕಾಗುತ್ತೆ ಕಣೇ. ನನ್ನ ಅಂಗಡಿಯಿಂದ ಸುಕ್ಕು ಬಟ್ಟೆ ಹೊರಗೆ ಹೋಗಲ್ಲ.

ಹೆಂಡತಿ: ಸುಕ್ಕಾಗ್ಲಿ. ಎಲ್ಲೆಲ್ಲಿ ಸುಕ್ಕೋ ಅಲ್ಲೆಲ್ಲ ಎಳೆದಿದ್ರು ಅಂತ ಮಕ್ಕಳಿಗೆ ಗೊತ್ತಾಗ್ಬೇಡ್ವಾ?

ದರ್ಜಿ ಹೊಲಿಗೆ ಬಿಚ್ಚಲು ಕುಳಿತರು. ಮೂವರೂ ಚೀಲವನ್ನು ಮೇಜಿನ ಮೇಲೆ ಸುರಿದುಕೊಂಡು ಚೂರುಗಳನ್ನು ಹೊಂದಿಸತೊಡಗಿದರು. ಟೀಚರ್ ಗುರುತು ಹೇಳುವುದು, ಹೆಂಡತಿ ಗುಂಡುಸೂಜಿ ಚುಚ್ಚುವುದು, ದರ್ಜಿ ಹೊಲಿಯುವುದು.

ಟೀಚರ್: ಇದು ನಾರ್ವೆ. ಇದು ಸೈಬೀರಿಯಾ. ಇದೂ ಸೈಬೀರಿಯಾ.

ದರ್ಜಿ: ಇದು?

ಟೀಚರ್: ಅದು ಯಾರದೋ ಪೈಜಾಮ. ಇದು ಅಲಾಸ್ಕಾ. ಅಕ್ಕ, ಇದಕ್ಕೇನು ಕಪ್ಪಗೆ ಮೆತ್ತಿದೆ?

ಹೆಂಡತಿ: ಅಯ್ಯೋ. ಬೆಳಿಗ್ಗೆ ಅದರಲ್ಲಿ ಯಂತ್ರದ ಎಣ್ಣೆ ಒರೆಸಿಬಿಟ್ಟೆ ಟೀಚರ್.

ಟೀಚರ್: ಇರ್ಲಿ ಬಿಡಿ. ಅಲಾಸ್ಕಾದಲ್ಲಿ ನಿಜವಾಗ್ಲೂ ಎಣ್ಣೆ ಇದೆ.

ಪಕ್ಕದ ಅಂಗಡಿಯವರು ಬಾಗಿಲು ಎಳೆಯುವ ಹೊತ್ತಿಗೆ ಅಂಟಾರ್ಟಿಕಾ ಹೆಮ್ಮಿಂಗಿನಿಂದ ಬಿಡುಗಡೆಯಾಗಿತ್ತು. ಹೆಂಡತಿ ಅಡ್ಡಕ್ಕೂ ಉದ್ದಕ್ಕೂ ಓಡಿಸಿದ್ದ ದಾರಗಳನ್ನು ಒಂದೊಂದಾಗಿ ಎಳೆದರು. ಉತ್ತರದ ನಾಡುಗಳೆಲ್ಲ ಸರಸರನೆ ಒಟ್ಟಿಗೆ ಬಂದು, ಒಂದರ ಪಕ್ಕ ಒಂದು ಒತ್ತಿಕೊಂಡು ಕುಳಿತವು. ಟೀಚರ್ ಗ್ರೀನ್‌ಲ್ಯಾಂಡಿನ ಮೇಲೆ ಕೈ ಇಟ್ಟರು. ಮೂರು ಬೆರಳಿನಡಿ ಅದು ಮುಚ್ಚಿಹೋಯಿತು. ಆಫ್ರಿಕಾ ಮುಚ್ಚಲು ಎರಡು ಅಂಗೈಯೂ ಬೇಕಾಯಿತು. ಮತ್ತೊಮ್ಮೆ ಮುಚ್ಚಿ ನೋಡಿದರು.

ದರ್ಜಿ: ಎಷ್ಟು ಸಲ ನೋಡ್ತೀರಿ ಮೇಡಂ? ಇನ್ನು ಅದು ಬೆಳೆಯಲ್ಲ.

ಟೀಚರ್: ನಾಳೆ ನೀವಿಬ್ಬರೂ ಶಾಲೆಗೆ ಬರ್ಬೇಕು.

ದರ್ಜಿ: ನಾನಾ? ನಾನು ಶಾಲೆ ಬಿಟ್ಟಿದ್ದೇ ಭೂಗೋಳದ ಮೇಷ್ಟ್ರಿಗೆ ಹೆದರಿ.

ಹೆಂಡತಿ: ಬರ್ತೀವಿ ಟೀಚರ್. ನಾನು ಕರ್ಕೊಂಡು ಬರ್ತೀನಿ.

ಮರುದಿನ ಶಾಲೆಯ ಸಭಾಂಗಣದಲ್ಲಿ ಒಂದು ಮೇಜಿನ ಮೇಲೆ ಬಟ್ಟೆಯ ಗೋಳ, ಅದರ ಹಿಂದೆ ಗೋಡೆಗೆ ಅಂಥದೇ, ಅಷ್ಟೇ ಅಗಲದ ಇನ್ನೊಂದು ಚಪ್ಪಟೆ ನಕ್ಷೆ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಳತೆ ಟೇಪನ್ನು ಕೊರಳಿಂದ ತೆಗೆಯಲು ಮರೆತು ಬಂದ ದರ್ಜಿ, ಅವರ ಹೆಂಡತಿ. ಬಂದ ಮಕ್ಕಳೆಲ್ಲ ಸುಕ್ಕುಗಳನ್ನು ಮುಟ್ಟಿ ನೋಡಿ ಮುಂದೆ ಹೋಗುತ್ತಿದ್ದರು. ಏಳನೇ ತರಗತಿಯ ಆ ಹುಡುಗಿ ಬಂದಳು, ನೋಡಿದಳು, ಏನೂ ಕೇಳದೆ ಹೊರಟಳು. ಟೀಚರ್ ಅವಳನ್ನು ಕರೆದರು.

ಟೀಚರ್: ಇಲ್ಲಿ ಬಾ ಪುಟ್ಟಿ. ನೀನು ಅವತ್ತು ಒಂದು ಪ್ರಶ್ನೆ ಕೇಳಿದ್ದೆ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದರ ಬದಲು ನಿನ್ನನ್ನ ಕೂರಿಸಿದೆ. ತಪ್ಪು ನಂದು.

ಹುಡುಗಿ ಸುತ್ತ ನೋಡಿದಳು. ಗೆಳತಿಯರೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಹುಡುಗಿ: ಪರ್ವಾಗಿಲ್ಲ ಟೀಚರ್.

ಟೀಚರ್: ಪರ್ವಾಗಿಲ್ಲ ಅಂತ ಬಿಡೋದು ಬೇಡ. ನೀನೇ ಅಳೆದು ನೋಡು. ಟೇಪು ಈ ಮಾವನ ಕೊರಳಲ್ಲಿದೆ.

ಹುಡುಗಿ ಟೇಪು ಇಸಿದುಕೊಂಡು ಗೋಳದ ಗ್ರೀನ್‌ಲ್ಯಾಂಡನ್ನು ಅಳೆದಳು, ಗೋಡೆಯ ಗ್ರೀನ್‌ಲ್ಯಾಂಡನ್ನು ಅಳೆದಳು. ಬೆರಳಿನಿಂದ ನೆರಿಗೆಯನ್ನು ಬಿಡಿಸಿ ಒಳಗೆ ಏನಿದೆ ಎಂದು ಇಣುಕಿದಳು.

ಹೆಂಡತಿ: ಏನು ಕಾಣುತ್ತೆ ಮಗಳೇ?

ಹುಡುಗಿ: ಗೋಡೆ ಮೇಲಿರೋದನ್ನ ತುಂಬ ಎಳೆದಿದಾರೆ ಆಂಟಿ. ಪುಸ್ತಕದಲ್ಲಿ ಇರೋದೂ ಇದೇ.

ದರ್ಜಿ: ಹಾಂ. ಅದನ್ನೇ ನಾನು ಹೇಳಿದ್ದು.

ಹುಡುಗಿ ಕೈ ಎತ್ತಿದಳು. ಎದುರಿಗೇ ನಿಂತಿದ್ದರೂ ಎತ್ತಿದಳು.

ಹುಡುಗಿ: ಟೀಚರ್, ಹಾಗಾದ್ರೆ ನಮ್ಮ ಪುಸ್ತಕಗಳಲ್ಲಿ ಇನ್ನೂ ಏನೇನು ಎಳೆದಿದಾರೆ?

ಟೀಚರ್: ಗೊತ್ತಿಲ್ಲ ಪುಟ್ಟಿ. ಅಲ್ಲಿ ಕಿಟಕಿ ಹತ್ರ ಇತಿಹಾಸದ ಮೇಷ್ಟ್ರು ನಿಂತಿದಾರೆ ನೋಡು. ಅವರಿಂದ ಶುರು ಮಾಡು.