ಧಡ್ ಧಡ್ ಅಂದದ್ದು ಯಾವ ಪಾರ್ಟು?

"ಸಾವಿರ ಕಿಲೋಮೀಟರು ಅಂದ್ರ ಏನ್ ಮಹಾ? ಒಂದರ ಮುಂದ ಮೂರು ಸೊನ್ನಿ! ನಾನೊಬ್ಬಾಕಿನ ಕಾರು ಹೊಡಕೊಂಡು ನಾಗಪುರಕ್ಕ ಹೋಗ್ತೇನಿ!"

ಹೀಗೆಂದು ನಾನು ಘೋಷಿಸಿದ್ದು ೧೯೯೭ರ ಏಪ್ರಿಲ್‌ನಲ್ಲಿ, ಶಿರಸಿಯ ನಮ್ಮ ಮನೆಯಲ್ಲಿ, ರಾತ್ರಿ ಊಟಕ್ಕೆ ಕೂತಾಗ. ಹದಿನಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಸವೆದ ಮೇಲೆ ನನಗೆ ಆಫೀಸರ್ ಬಡ್ತಿ ಬಂದಿತ್ತು. ಜೊತೆಗೇ ನಾಗಪುರಕ್ಕೆ ವರ್ಗ. ಗಂಡ ಶಿವಲಿಂಗಪ್ಪನವರದು ಪೇಟೆಯಲ್ಲಿ ಬಟ್ಟೆ ಅಂಗಡಿ. ಬಿಟ್ಟು ಬರುವ ಹಾಗಿಲ್ಲ. ಎರಡು ವರ್ಷ ನಾನೊಬ್ಬಳೇ ಅಲ್ಲಿರಬೇಕು. ಅಪ್ಪ ನನಗೆ ಬಿಟ್ಟುಹೋದ ಎಪ್ಪತ್ತೆರಡನೇ ಇಸವಿಯ ಕಾರು ನನ್ನ ಜೊತೆಗೇ ಬರಬೇಕು. ಇದರಲ್ಲಿ ನಗುವಂಥದ್ದೇನಿದೆ ಹೇಳಿ? ಆದರೆ ಇಡೀ ಶಿರಸಿ ನಕ್ಕಿತು!

"ಕಾರು ಲಾರಿ ಮ್ಯಾಲ ಹಾಕಿ ಕಳಸೂಣು. ನೀ ಹುಬ್ಬಳ್ಳಿಂದ ರೈಲಿಗೆ ಹೋಗು," ಎಂದರು ಇವರು.

"ನಮ್ಮಪ್ಪನ ಕಾರೇನು ಸತ್ತೈತೇನ್ರಿ, ಲಾರಿ ಮ್ಯಾಲ ಮಲಗಿಸಿ ಕಳಸಾಕ?"

"ಹಂಗಾರ ನಾನೂ ಜೋಡಿ ಬರ್ತೇನಿ. ನಿನ್ನ ಮುಟ್ಟಿಸಿ ವಾಪಸ್ ಬರ್ತೇನಿ."

"ನಿಮಗ ಸೈಕಲ್ ಹೊಡಿಯಾಕೂ ಬರೂದಿಲ್ಲ. ನೀವು ಬಂದ್ರ ಒಂದು ಲಗೇಜು ಹೆಚ್ಚಾಗತೈತಿ, ಅಷ್ಟ!"

ಇವರು ಕೈ ತೊಳೆದು ಎದ್ದರು. ಅವತ್ತಿನಿಂದ ಕಾರಿನ ವಿಷಯಕ್ಕೆ ತುಟಿ ಬಿಚ್ಚಲಿಲ್ಲ. ಬಿಚ್ಚದಿದ್ದರೆ ಬಿಡಲಿ!

ಕಾರನ್ನು ಗಣಪನ ಗ್ಯಾರೇಜಿಗೆ ಒಯ್ದೆ. ಒಂದು ತಿಂಗಳು, ಬ್ಯಾಂಕು ಮುಗಿದ ಮೇಲೆ ದಿನಾ ಅಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಪ್ಲಗ್ಗು, ಪಾಯಿಂಟು, ಕ್ಲಚ್ ಪ್ಲೇಟು, ಫ್ಯಾನ್ ಬೆಲ್ಟು, ಬೇರಿಂಗು, ಎಲ್ಲದರ ಹೆಸರನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡೆ. ಯಾವುದು ಕೆಟ್ಟರೆ ಯಾವ ಸದ್ದು ಎಂದು ಪಾಠ ಮಾಡಿಸಿಕೊಂಡೆ. ಕೊನೆಕೊನೆಗೆ ಗಣಪ ಬಾನೆಟ್ ತೆಗೆಯುವ ಮೊದಲೇ ರೋಗ ಯಾವುದೆಂದು ನಾನೇ ಹೇಳತೊಡಗಿದೆ. ಅವನು ಅದನ್ನು ಕೇಳಿಸಿಕೊಂಡು, ತಲೆಯಾಡಿಸಿ, ಬೇರೇನನ್ನೋ ರಿಪೇರಿ ಮಾಡುತ್ತಿದ್ದ. ಹೊಟ್ಟೆಕಿಚ್ಚು!

ಗಣಪ ಯಾರ ಜೊತೆಗಾದರೂ ತನ್ನ ಮನೆಮಾತನ್ನೇ ಆಡುವವನು. ಕೊನೆಯ ದಿನ ಬಂದು ಹೇಳಿದ:

"ಅಕ್ಕಾ, ಹಿಂದಿನ ಬಾಗ್ಲ ಲಾಕು ಎರಡೂ ಹೋಯ್ದು. ಬಾಗ್ಲು ನಿಲ್ತಿಲ್ಲೆ. ಹೊಸದು ಹುಬ್ಬಳ್ಳಿಂದ ತರ್ಸವು."

"ಅಷ್ಟು ಟೈಮಿಲ್ಲ. ಹೊರಗಿಂದ ತಂತಿ ಹಾಕಿ ಬಿಗಿ."

"ಒಳಗಿದ್ದವ್ಕೆ ಹೊರಗೆ ಬಪ್ಪುಲೆ ಆಗ್ತಿಲ್ಲೆ ಮತ್ತೆ!"

"ಹಿಂದಿನ ಸೀಟ ತಗಸೀನಿ. ಅಲ್ಲಿ ಇರೂದು ಪಾತ್ರೆ. ಪಾತ್ರೆ ಏನು ಬಾಗಿಲು ತಗದು ಇಳದು ಹೋಗ್ತಾವೇನೋ?"

ಗಣಪ ದಪ್ಪ ತಂತಿ ತಂದು ಎರಡೂ ಬಾಗಿಲು ಬಿಗಿದ.

ಹೊರಡುವ ಹಿಂದಿನ ದಿನ ಸಾಮಾನು ತುಂಬಿದ್ದಾಯಿತು. ಒಂದು ಟ್ರಂಕು, ಗ್ಯಾಸಿನ ಒಲೆ, ಪಾತ್ರೆಯ ಚೀಲ, ಅತ್ತೆ ಗೌರಕ್ಕ ಬೀಸಿ ಕೊಟ್ಟ ಜೋಳದ ಹಿಟ್ಟು, ಎಲ್ಲದರ ಮೇಲೆ ಛಾವಣಿ ಮುಟ್ಟುವ ಹಾಗೆ ಸುತ್ತಿದ ಹತ್ತಿಯ ಗಾದಿ. ಕನ್ನಡಿಯಲ್ಲಿ ನೋಡಿದರೆ ಗಾದಿಯ ಪಟ್ಟೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಕಾಣದಿದ್ದರೇನು? ನಾನು ಹೋಗುವುದು ಮುಂದಕ್ಕೆ!

ಬೆಳಿಗ್ಗೆ ಆರು ಗಂಟೆಗೆ ದೇವರ ಮುಂದೆ ದೀಪ ಹಚ್ಚಿ ಹೊರಬಂದೆ. ಗೌರಕ್ಕ ಕಾರಿಗೆ ಆರತಿ ಎತ್ತಿದರು. ಓಣಿಯ ಹೆಂಗಸರು, ಮಕ್ಕಳು, ಒಂದು ನಾಯಿ, ಎಲ್ಲರೂ ಬೀಳ್ಕೊಡಲು ನಿಂತಿದ್ದರು. ಒಬ್ಬರನ್ನು ಬಿಟ್ಟು!

"ಅತ್ತಿ, ಇವರೆಲ್ಲಿ?"

"ಈಗ ಇಲ್ಲೇ ಕಾರಿನ ಕಡೆ ಇದ್ದನವ್ವ. ಅಂಗಡಿಗೆ ಹೋದನೇನೋ."

ಅಂಗಡಿಗೆ! ಆರು ಗಂಟೆಗೆ ಯಾರಿಗೆ ಬಟ್ಟೆ ಹರಿದುಕೊಡಲು ಹೋದರು? ಹೆಂಡತಿ ಸಾವಿರ ಕಿಲೋಮೀಟರು ಹೊರಟಿದ್ದಾಳೆ, ಹೋಗಿ ಬಾ ಅನ್ನಲು ಬಾಯಿಲ್ಲವೇ? ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಧಡಾರನೆ ಬಾಗಿಲು ಹಾಕಿಕೊಂಡೆ, ಚಾಲೂ ಮಾಡಿದೆ, ಹೊರಟೇಬಿಟ್ಟೆ. ಹಿಂದಿನಿಂದ ಓಣಿಯವರೆಲ್ಲ "ಹೋ" ಎಂದು ಕೂಗಿದರು.

ಊರು ದಾಟುವ ಮೊದಲೇ ಹಿಂದಿನಿಂದ ಕೇಳಿಸಿತು: ಧಡ್. ಧಡ್ ಧಡ್.

ಬೇರೆ ಹೆಂಗಸಾಗಿದ್ದರೆ ಹೆದರಿ ನಿಲ್ಲಿಸುತ್ತಿದ್ದಳು. ನಾನು ಗಣಪನ ಶಿಷ್ಯೆ! ವೇಗ ಹೆಚ್ಚಿಸಿ ಪರೀಕ್ಷೆ ಮಾಡಿದೆ. ಧಡ್ ಧಡ್ ಹೆಚ್ಚಾಯಿತು. ತಿರುವಿನಲ್ಲಿ ಜೋರಾಗಿ ಹೊರಳಿಸಿದೆ. ಧಡಧಡಧಡ! ಅದರ ಮೇಲೆ "ಊಂ... ಊಂ..." ಎಂಬ ನರಳಾಟ ಬೇರೆ. ಸಂಶಯವೇ ಇಲ್ಲ: ಧಡ್ ಧಡ್ ಹಿಂದಿನ ಜಾಯಿಂಟಿನದು, ಊಂ ಊಂ ಬೇರಿಂಗಿನದು. ದಾರಿಯಲ್ಲಿ ಯಾವುದಾದರೂ ಗ್ಯಾರೇಜಿನಲ್ಲಿ ಬಿಗಿಸಿದರಾಯಿತು.

ರೋಗ ಪತ್ತೆಯಾದ ಮೇಲೆ ಮನಸ್ಸು ಮತ್ತೆ ಗಂಡನ ಕಡೆ ಹೊರಳಿತು. ಕಾರಿನಲ್ಲಿ ನಾನೊಬ್ಬಳೇ, ಇನ್ಯಾರ ಹಂಗು? ಎದುರಿನ ಗಾಜಿಗೆ ಬೈಯತೊಡಗಿದೆ.

"ಗಜಕಡ್ಡಿ ಹಿಡಿದು ಅರಿವಿ ಅಳಿಯೂ ಮನಿಷಾಗ ಹೆಂಡ್ತಿ ಧೈರ್ಯ ಅಳಿಯಾಕ ಬರೂದಿಲ್ಲ! ಮಾತಾಡಿದ್ರ ಮುತ್ತು ಉದುರತಾವೇನು? ಬಾಯಿಗೆ ಹೊಲಿಗಿ ಹಾಕ್ಕೊಂಡು ಕುಂತಿದ್ರು ಒಂದು ತಿಂಗಳು! ಮದುವಿ ದಿನಾನೂ ಹಿಂಗ, ಅಕ್ಷತಾ ಬೀಳೂ ಹೊತ್ತಿಗೆ ಎಲ್ಲೋ ಚಪ್ಪಲಿ ಹುಡಕಾಕ ಹೋಗಿದ್ರು!"

ಧಡ್ ಧಡ್ ಧಡ್!

"ಹೌದ ಮತ್ತ! ಕಾರಿಗೂ ಸಿಟ್ಟು ಬಂದೈತಿ!"

ಮಂಚೀಕೇರಿ ದಾಟಿತು. ಬೈಗುಳದ ಸಂಗ್ರಹ ತಳ ಕಂಡಿತು. ಯಲ್ಲಾಪುರದಲ್ಲಿ ಗ್ಯಾರೇಜುಗಳು ಇನ್ನೂ ತೆರೆದಿರಲಿಲ್ಲ. ಅಲ್ಲಿಂದ ಹುಬ್ಬಳ್ಳಿಯ ಹೆದ್ದಾರಿ ಹಿಡಿದೆ. ಎದುರಿನಿಂದ ಅದಿರಿನ ಲಾರಿಗಳು ಗುಡ್ಡದ ಹಾಗೆ ಬರುತ್ತಿದ್ದವು. ನಾನು ವೇಗ ತಗ್ಗಿಸಿ ರಸ್ತೆಯ ಎಡ ಅಂಚಿಗೆ ಸರಿದೆ. ಎರಡು ವರ್ಷ. ಗೊತ್ತಿಲ್ಲದ ಊರು, ಬರದ ಭಾಷೆ. ಸಂಜೆ ಬಾಗಿಲು ತೆಗೆಯುವವರು ಯಾರೂ ಇಲ್ಲ.

"ಖರೆ ಹೇಳಬೇಕಂದ್ರ," ಎಂದೆ ಗಾಜಿಗೆ, ದನಿ ತಗ್ಗಿಸಿ, "ಪಾಪ, ಕೆಟ್ಟ ಮನಿಷಾ ಅಲ್ಲ. ಬಡ್ತಿ ಪರೀಕ್ಷಾಕ್ಕ ನಾ ಓದಾಕ ಕುಂತ್ರ ಎರಡು ಸಲ ಚಾ ಮಾಡಿ ತಂದಿಡ್ತಿದ್ರು. ನಾ ಪಾಸಾದಾಗ ಇಡೀ ಪ್ಯಾಟಿಗೆ ಪೇಢೆ ಹಂಚಿದ್ರು. ಇನ್ನೊಂದ ಸಲ 'ಬರ್ತೇನಿ' ಅಂದಿದ್ರ 'ಬರ್ರಿ' ಅಂತಿದ್ದೆ. ನನಗೂ ಅಂಜಿಕಿ ಆಗತೈತಿ. ಯಾರ ಮುಂದ ಹೇಳಲಿ?"

ವಿಚಿತ್ರವೆಂದರೆ, ಧಡ್ ಧಡ್ ನಿಂತೇಹೋಗಿತ್ತು! ಜಾಯಿಂಟು ತಾನೇ ಕೂತುಕೊಂಡಿರಬೇಕು ಎಂದುಕೊಂಡು ಕಣ್ಣೊರೆಸಿಕೊಂಡೆ.

ಕಿರವತ್ತಿಯಲ್ಲಿ ಒಂದು ಧಾಬಾದ ಪಕ್ಕ ಲಾರಿ ರಿಪೇರಿಯ ಗ್ಯಾರೇಜು ಕಂಡಿತು. ಯಾವುದಕ್ಕೂ ಇರಲಿ ಎಂದು ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ಮೇಸ್ತ್ರಿ ಬೈರ ಕೈ ಒರೆಸಿಕೊಳ್ಳುತ್ತ ಬಂದ.

"ಹಿಂದಿನ ಜಾಯಿಂಟು ಲೂಸ್ ಆಗೈತಿ, ಬೇರಿಂಗ್ ಹೋಗೈತಿ," ಎಂದು ನಾನು ವರದಿ ಒಪ್ಪಿಸಿದೆ. "ಸ್ಪೀಡ್ ಹೆಚ್ಚಾದ್ರ ಧಡ್ ಧಡ್, ತಿರುವಿನ್ಯಾಗ ಊಂ ಊಂ."

"ಭಾರಿ ತಿಳಕೊಂಡೀರಿ ಬಿಡ್ರಿ, ಅಕ್ಕಾರ!" ಬೈರ ಕಾರಿನ ಅಡಿಗೆ ತೂರಿಕೊಂಡ. ನಾನು ಬೀಗಿದೆ.

ಧಡ್. ಧಡ್. ಧಡ್.

ಬೈರ ಮೆಲ್ಲನೆ ತಲೆ ಹೊರಹಾಕಿದ. "ಅಕ್ಕಾರ, ಎಂಜಿನ್ ಬಂದ್ ಐತಲ್ರಿ?"

"ಐತಿ."

"ಗಾಡಿ ನಿಂತೈತಲ್ರಿ?"

"ನಿಂತೈತಿ."

"ಮತ್ತ ಇದು ಹೆಂಗ ಧಡ್ ಅಂತೈತ್ರಿ?"

ಅಷ್ಟರಲ್ಲಿ ಗಾದಿಯ ಅಡಿಯಿಂದ ಸಣ್ಣ ದನಿಯೊಂದು ಬಂತು: "ದಾಕ್ಷಾಯಿಣಿ, ಗಾಡಿಗೇನೂ ಆಗಿಲ್ಲ. ಕಾಲು ಜೋಮು ಹಿಡದೈತಿ, ಅಷ್ಟ."

ಬೈರ ತಂತಿ ಕತ್ತರಿಸಿ ಬಾಗಿಲು ತೆಗೆದ. ಟ್ರಂಕು ಸರಿಸಿದ, ಗಾದಿ ಎಳೆದ. ತಲೆಯಿಂದ ಕಾಲಿನವರೆಗೆ ಜೋಳದ ಹಿಟ್ಟು ಮೆತ್ತಿಕೊಂಡ ಶಿವಲಿಂಗಪ್ಪನವರು ನೆಲಕ್ಕಿಳಿದರು. ಧಾಬಾದಲ್ಲಿದ್ದ ಲಾರಿ ಡ್ರೈವರುಗಳೆಲ್ಲ ಚಹಾ ಬಿಟ್ಟು ಎದ್ದು ನಿಂತರು.

"ಅಕ್ಕಾರ," ಎಂದ ಬೈರ ಗಂಭೀರವಾಗಿ, "ಈ ಪಾರ್ಟು ಒಳಗ ಹಾಕ್ಲೋ, ಹೊರಗ ಇಡ್ಲೋ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಸಿಟ್ಟು ಬಿಡಲುಂಟೇ? "ಒಳಗ ಏನ್ ಮಾಡ್ತಿದ್ರಿ ನೀವು?"

"ನೀ ಒಬ್ಬಾಕಿನ ಹೋಗ್ತಿ, ಒಲಿ ಉರುಳಿ ಸದ್ದಾದ್ರ ಗಾಬರಿ ಆಗ್ತಿ ಅಂತ ಅದರ ಬುಡಕ ಗೋಣಿ ತುರುಕಾಕ ಮುಂದಿನ ಬಾಗಿಲಿಂದ ಒಳಗ ತೂರಿದ್ದೆ. ಟ್ರಂಕು ಜಾರಿತು, ಗಾದಿ ಮೈಮ್ಯಾಲ ಬಿತ್ತು. ಒದರೂದರಾಗ ನೀ ಹೊಂಟಿದ್ದಿ."

ನಾನು ಅವರ ಹುಬ್ಬಿನ ಹಿಟ್ಟನ್ನು ಸೆರಗಿನಿಂದ ಒರೆಸಿದೆ. ಆಮೇಲೆ ಒಂದು ಸಂಶಯ ಕುಟುಕಿತು.

"ಮದ್ಲು ಅಷ್ಟು ಧಡ್ ಧಡ್ ಒದ್ದೀರಿ. ಯಲ್ಲಾಪುರ ದಾಟಿದ ಮ್ಯಾಲ ಯಾಕ ಸುಮ್ಮನಾದ್ರಿ?"

ಇವರು ಕುಂಟುತ್ತ ಹೋಗಿ ಮುಂದಿನ ಸೀಟಿನಲ್ಲಿ ಕೂತು, ಅಲ್ಲಿದ್ದ ತಿಂಡಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

"ಮಂಚೀಕೇರಿ ತನಕ ನಾ ಕೆಟ್ಟಾಂವ ಇದ್ದೆ," ಎಂದರು. "ಯಲ್ಲಾಪುರ ದಾಟಿದ ಮ್ಯಾಲ ಛಲೋ ಮನಿಷಾ ಆದೆ. ಹಿಂಗ ನಾಗಪುರ ತನಕ ಬಂದ್ರ ದೇವರ ಆಗ್ತೇನೇನೋ. ನಡಿ, ನೋಡೇಬಿಡೂಣು!"